ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಡಚ್ ಫುಟ್‌ಬಾಲ್ ಸಂಸ್ಥೆಯ ಪರವಾನಗಿ ಸಮಿತಿಗೊಂದು ಬಹಿರಂಗ ಪತ್ರ

ಆರ್ನ್‌ಹೆಮ್, ಸೆಪ್ಟೆಂಬರ್ 2025

ಕೆಎನ್‌ವಿಬಿ ಪರವಾನಗಿ ಸಮಿತಿಯ ಸದಸ್ಯರಿಗೆ,
ಜೈಸ್ಟ್

ಮಾನ್ಯರೇ,

ಈ ತಿಂಗಳ 3ರಂದು ಮೇಲ್ಮನವಿ ನ್ಯಾಯಾಲಯವು ನಿಮ್ಮ ಆದೇಶಕ್ಕೆ ತಡೆ ನೀಡಿ ಆರ್ನ್‌ಹೆಮ್‌ನ ವಿಟೆಸ್ ಫುಟ್‌ಬಾಲ್ ಕ್ಲಬ್‌ಗೆ ಅದರ ವೃತ್ತಿಪರ ಪರವಾನಗಿಯನ್ನು ಮರಳಿ ಕೊಡಿಸಿತು. ಜುಲೈನಲ್ಲಿ ನೀವು ಅದನ್ನು ರದ್ದು ಮಾಡಿದ್ದಿರಿ. ಜುಲೈ 31ರಂದು ಸಂಸ್ಥೆಯ ಮೇಲ್ಮನವಿ ಸಮಿತಿಯೂ ರದ್ದತಿಯನ್ನೇ ಎತ್ತಿಹಿಡಿದಿತ್ತು. ಆಗಸ್ಟ್‌ನಲ್ಲಿ ಕೆಳಗಿನ ನ್ಯಾಯಾಲಯವೂ ನಿಮ್ಮ ಕಡೆಗೇ ನಿಂತಿತ್ತು. ಈ ನಡುವೆ ಉಳಿದ ಕ್ಲಬ್‌ಗಳು ಹೊಸ ಋತುವಿನ ಆಟ ಶುರುಮಾಡಿದವು. 133 ವರ್ಷದ ಒಂದು ಕ್ಲಬ್ ಮಾತ್ರ ಅತ್ತ ವೃತ್ತಿಪರರ ಸಾಲಿನಲ್ಲೂ ಇಲ್ಲದೆ ಇತ್ತ ಹವ್ಯಾಸಿಗಳ ಸಾಲಿನಲ್ಲೂ ಸೇರದೆ ತ್ರಿಶಂಕುವಾಗಿ ನಿಂತಿತ್ತು.

ತೀರ್ಪನ್ನು ಮುಂದಿಟ್ಟುಕೊಂಡು ನಿಮ್ಮನ್ನು ಹಂಗಿಸಲು ನಾನು ಬರೆಯುತ್ತಿಲ್ಲ. ಕ್ಲಬ್ ತಪ್ಪೇ ಮಾಡಿಲ್ಲ ಎಂದು ವಾದಿಸುವವರು ಆರ್ನ್‌ಹೆಮ್‌ನ ಪಬ್‌ಗಳಲ್ಲೂ ಹೆಚ್ಚು ಜನ ಸಿಗುವುದಿಲ್ಲ. ಕೇಳಿದ ಕಾಗದ ಕೊಡಲಿಲ್ಲ, ಕೊಟ್ಟ ಕಾಗದದಲ್ಲಿ ಪೂರ್ತಿ ಸತ್ಯವಿರಲಿಲ್ಲ, ಹಣದ ಮೂಲ ಕೇಳಿದರೆ ಸುತ್ತಿ ಬಳಸಿ ಉತ್ತರ ಬಂತು ಎಂಬ ನಿಮ್ಮ ದೂರುಗಳಲ್ಲಿ ಹುರುಳಿದೆ. ಬೇರೆ ಕ್ಲಬ್‌ಗಳು ಲೆಕ್ಕ ಸರಿಯಾಗಿಟ್ಟುಕೊಂಡು, ಕೈಲಾದಷ್ಟೇ ಖರ್ಚು ಮಾಡಿ ಆಡುತ್ತಿರುವಾಗ ಒಬ್ಬರಿಗೆ ಮಾತ್ರ ರಿಯಾಯಿತಿ ಕೊಡಬೇಕೆಂದು ಯಾರೂ ಕೇಳಲಾರರು. ನನ್ನ ತಕರಾರು ಶಿಕ್ಷೆಯ ಬಗ್ಗೆ ಅಲ್ಲ, ಶಿಕ್ಷೆ ಯಾರ ಬೆನ್ನಿಗೆ ಬಿತ್ತು ಎನ್ನುವುದರ ಬಗ್ಗೆ.

ನಾನು ಈ ಊರಿನಲ್ಲಿ ನೆಲೆಸಿರುವ ಕನ್ನಡಿಗ. ಕೆಲಸ ಪಕ್ಕದ ಎದುರಾಳಿ ಊರು ನೈಮೇಗನ್‌ನ ಒಂದು ಚಿಪ್ ಕಂಪನಿಯಲ್ಲಿ; ಎಂದರೆ ಹಗಲೆಲ್ಲ ಶತ್ರುಪಾಳಯದಲ್ಲಿ. ಪತ್ರವನ್ನು ಕನ್ನಡದಲ್ಲಿ ಬರೆದಿರುವುದಕ್ಕೆ ಕಾರಣವಿದೆ. ಇದನ್ನು ಓದಬೇಕಾದವರು ನೀವು ಮಾತ್ರವಲ್ಲ. ಇದೇ ಬೇಸಿಗೆಯಲ್ಲಿ ಭಾರತದ ಸೂಪರ್ ಲೀಗ್ ಒಪ್ಪಂದದ ಜಗಳದಲ್ಲಿ ನಿಂತುಹೋಯಿತು, ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಹುಡುಗರಿಗೆ, ಮೇಲಿನವರ ಒಪ್ಪಂದ ಮುರಿದರೆ ಕೆಳಗಿನವರ ಶನಿವಾರ ಹೇಗೆ ಮಾಯವಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನೀವು ರದ್ದು ಮಾಡಿದ್ದು ಏನನ್ನು? ಕಡತದಲ್ಲಿ ಅದು ಒಂದು ಕಂಪನಿಯ ನೋಂದಣಿ ಸಂಖ್ಯೆ. ಊರಿನಲ್ಲಿ ಅದರ ಲೆಕ್ಕ ಬೇರೆ.

ಕ್ರಿಕೆಟ್ ಆಡುತ್ತಿದ್ದ ಶಾಲಾ ಹುಡುಗರ ಗುಂಪಿನಿಂದ ಹುಟ್ಟಿದ ಕ್ಲಬ್ ಇದು. ನಮ್ಮವರಿಗೆ ಈ ಮಾತು ಹೇಳಿದರೆ ಕೂಡಲೇ ಕಿವಿ ನೆಟ್ಟಗಾಗುತ್ತದೆ! 1892ರ ಮೇ 14ರಂದು ಸ್ಥಾಪನೆಯಾಗಿ, ಈ ದೇಶದ ವೃತ್ತಿಪರ ಕ್ಲಬ್‌ಗಳಲ್ಲಿ ರಾಟರ್‌ಡ್ಯಾಮ್‌ನ ಸ್ಪಾರ್ಟಾ ಬಿಟ್ಟರೆ ಇದೇ ಹಿರಿಯದು. ಹಳದಿ ಕಪ್ಪು ಪಟ್ಟೆಯ ಅಂಗಿ, ಲಾಂಛನದಲ್ಲಿ ಊರಿನ ಎರಡು ತಲೆಯ ಹದ್ದು (ನಮ್ಮ ಗಂಡಭೇರುಂಡದ ದೂರದ ನೆಂಟ ಎಂದು ಊರಿಂದ ಬಂದವರಿಗೆಲ್ಲ ನಾನು ತೋರಿಸುವುದುಂಟು). ರಾಷ್ಟ್ರೀಯ ಚಾಂಪಿಯನ್ ಪಟ್ಟ ಒಮ್ಮೆಯೂ ದಕ್ಕಿಲ್ಲ. ಎರಡನೇ ಸ್ಥಾನ ಹಲವು ಬಾರಿ ಬಂದಿದೆ, ಅದೂ ಮೊದಲ ಮಹಾಯುದ್ಧ ಮುಗಿಯುವುದಕ್ಕೆ ಮುಂಚೆ. ಇಂಥ ಕ್ಲಬ್ಬಿಗೆ ಜನ ಅಂಟಿಕೊಳ್ಳುವುದು ಕಪ್ ಗೆಲ್ಲುವ ಆಸೆಗಂತೂ ಅಲ್ಲ.

ಯಾತಕ್ಕೆ ಎಂದು ತಿಳಿಯಬೇಕಾದರೆ ಸೆಪ್ಟೆಂಬರ್‌ನಲ್ಲಿ ಬಂದು ನೋಡಬೇಕು. 1944ರ ಸೆಪ್ಟೆಂಬರ್ 17ರಂದು ಬ್ರಿಟಿಷ್ ಪ್ಯಾರಾಶೂಟ್ ಪಡೆಗಳು ಈ ಊರಿನ ಪಶ್ಚಿಮದ ಬಯಲುಗಳಲ್ಲಿ ಇಳಿದವು. ಗುರಿ ರೈನ್ ನದಿಯ ಸೇತುವೆ. ಜಾನ್ ಫ್ರಾಸ್ಟ್ ಎಂಬ ಅಧಿಕಾರಿಯ ಸಣ್ಣ ಪಡೆ ಸೇತುವೆಯ ಉತ್ತರದ ತುದಿಯನ್ನು ಹಿಡಿದು ದಿನಗಟ್ಟಲೆ ಕಾದಾಡಿತು. ಸಹಾಯಕ್ಕೆ ಬರಬೇಕಿದ್ದ ಸೈನ್ಯ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಪೋಲೆಂಡಿನ ಪ್ಯಾರಾಶೂಟ್ ಪಡೆಯೂ ಇಳಿದು ರಕ್ತ ಹರಿಸಿತು. ಒಂಬತ್ತು ದಿನದ ನಂತರ ಉಳಿದವರು ಇರುಳಿನಲ್ಲಿ ನದಿ ದಾಟಿ ಹಿಂದಕ್ಕೆ ಹೋದರು. ಆಮೇಲೆ ಜರ್ಮನ್ನರು ಇಡೀ ಊರನ್ನು ಖಾಲಿ ಮಾಡಿಸಿದರು. ಸುಮಾರು ಒಂದು ಲಕ್ಷ ಜನ ತಳ್ಳುಗಾಡಿ, ಸೈಕಲ್, ಮಗುವಿನ ಗಾಡಿಯಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ಹೊರಟರು. 1945ರ ಏಪ್ರಿಲ್‌ನಲ್ಲಿ ಊರು ಬಿಡುಗಡೆಯಾದ ಮೇಲೆ ಹಿಂದಿರುಗಿದಾಗ ಅವರಿಗೆ ಸಿಕ್ಕಿದ್ದು ಲೂಟಿಯಾದ ಮನೆಗಳು.

ಆ ಕದನದ ನೆನಪಿಗೆ ವಿಟೆಸ್ ಪ್ರತಿ ವರ್ಷ ಒಂದು ಪಂದ್ಯವನ್ನು ಮೀಸಲಿಡುತ್ತದೆ. ಅಂದು ಹಳದಿ ಕಪ್ಪು ಅಂಗಿ ಇರುವುದಿಲ್ಲ; ಪ್ಯಾರಾಶೂಟ್ ಪಡೆಯ ಬಣ್ಣಗಳಾದ ಕಡುಗೆಂಪು ಮತ್ತು ತಿಳಿನೀಲಿ, ಅದರ ಮೇಲೆ ಆ ಪಡೆಯ ರೆಕ್ಕೆಯ ಕುದುರೆಯ ಗುರುತು. ಬ್ಯಾಗ್‌ಪೈಪ್ ನುಡಿಯುತ್ತದೆ. ಕದನದಲ್ಲಿ ಬದುಕಿ ಉಳಿದ ಮುದುಕರು ಮೈದಾನಕ್ಕೆ ಬರುತ್ತಿದ್ದರು, ಕೆಂಪು ಟೋಪಿ, ಎದೆಯ ಮೇಲೆ ಪದಕ, ಕೆಲವರು ಗಾಲಿಕುರ್ಚಿಯಲ್ಲಿ. ನಾಲ್ಕೂ ದಿಕ್ಕಿನ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ವರ್ಷದಿಂದ ವರ್ಷಕ್ಕೆ ಅವರ ಸಂಖ್ಯೆ ಕರಗುತ್ತ ಬಂತು. ಗ್ಯಾಲರಿ ಮಾತ್ರ ಈಗಲೂ ಎದ್ದು ನಿಲ್ಲುತ್ತದೆ. ರೆಫರಿಯನ್ನು ಬಾಯಿಗೆ ಬಂದಂತೆ ಬಯ್ಯುವ ಅದೇ ಜನ. ಊರಿನ ಶೋಕವನ್ನು ಇಷ್ಟು ಸಲೀಸಾಗಿ, ಭಾಷಣವಿಲ್ಲದೆ ಹೊತ್ತು ನಡೆಯುವ ಬೇರೆ ಸಾರ್ವಜನಿಕ ಸಂಸ್ಥೆ ಆರ್ನ್‌ಹೆಮ್‌ನಲ್ಲಿ ಇದ್ದರೆ ನೀವೇ ಹೇಳಿ. ಪರವಾನಗಿ ರದ್ದಾದ ದಿನ ಇದೂ ರದ್ದಾಗುತ್ತಿತ್ತು. ನಿಮ್ಮ ಆದೇಶವನ್ನು ಸಿದ್ಧಪಡಿಸುವಾಗ ಇದು ಯಾವ ಅಂಕಣದಲ್ಲಿ ಬಂದಿತ್ತು?

ಥಿಯೊ ಬಾಸ್ ಅವರ ಹೆಸರೂ ಯಾವ ಅಂಕಣದಲ್ಲೂ ಬರುವುದಿಲ್ಲ. 1983ರಿಂದ 1998ರವರೆಗೆ ಈ ಒಂದೇ ಕ್ಲಬ್‌ಗೆ ಆಡಿದ ರಕ್ಷಣಾ ಆಟಗಾರ ಅವರು. ಆಮೇಲೆ ಇಲ್ಲಿಯೇ ತರಬೇತುದಾರರೂ ಆದರು. ಕ್ಯಾನ್ಸರ್‌ನಿಂದ 2013ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ 4ನೇ ಸಂಖ್ಯೆಯ ಅಂಗಿಯನ್ನು ಕ್ಲಬ್ ಮತ್ತೆ ಯಾರಿಗೂ ಕೊಟ್ಟಿಲ್ಲ, ದಕ್ಷಿಣದ ಗ್ಯಾಲರಿಗೆ ಅವರ ಹೆಸರಿದೆ. ಕೋಟಿಗಟ್ಟಲೆ ಸುರಿದ ಮಾಲೀಕರಲ್ಲಿ ಒಬ್ಬರ ಹೆಸರಿನ ಗ್ಯಾಲರಿಯೂ ಅಲ್ಲಿಲ್ಲ ಎನ್ನುವುದನ್ನು ಗಮನಿಸಿ.

ಆ ಗ್ಯಾಲರಿ ಇರುವ ಗೆಲ್ರೆಡೋಮ್ ಒಂದು ವಿಚಿತ್ರ ಕಟ್ಟಡ. 1950ರಿಂದ ಆಡುತ್ತಿದ್ದ ನ್ಯೂ ಮೊನಿಕೆನ್‌ಹೌಸೆ ಎಂಬ ಹಳೆಯ ಮೈದಾನವನ್ನು ಬಿಟ್ಟು 1998ರ ಮಾರ್ಚ್ 25ರಂದು ಕ್ಲಬ್ ನದಿಯ ದಕ್ಷಿಣಕ್ಕೆ, ಇಲ್ಲಿಗೆ ಬಂತು. ಮುಚ್ಚಿ ತೆರೆಯುವ ಚಾವಣಿ. ಅದಕ್ಕಿಂತ ಸೋಜಿಗ, ಹುಲ್ಲಿನ ಮೈದಾನವೇ ಇಡಿಯಾಗಿ ಜಾರಿ ಹೊರಗೆ ಹೋಗುತ್ತದೆ. ವಾರವಿಡೀ ಹುಲ್ಲು ಹೊರಗೆ ಬಿಸಿಲಿನಲ್ಲಿ, ಒಳಗೆ ಸಂಗೀತ ಕಾರ್ಯಕ್ರಮ. ಪಂದ್ಯದ ಹೊತ್ತಿಗೆ ಸಾವಿರಾರು ಟನ್ ತೂಕದ ಮೈದಾನ ಮೆಲ್ಲಗೆ ಒಳಗೆ ಬರುತ್ತದೆ. ಇದನ್ನು ಕಟ್ಟಿಸಿದ ಹಟ ಕಾರೆಲ್ ಆಲ್ಬರ್ಸ್ ಅವರದು. 1984ರಲ್ಲಿ ಅಧ್ಯಕ್ಷರಾದ ಅವರು, ಎರಡನೇ ದರ್ಜೆಯಲ್ಲಿ ಕೊಳೆಯುತ್ತಿದ್ದ ತಂಡ 1989ರಲ್ಲಿ ಮೇಲೇರುವುದನ್ನು ಕಂಡರು. 1998ರಲ್ಲಿ ತಂಡ ಮೂರನೇ ಸ್ಥಾನಕ್ಕೇರಿತು. ಗ್ರೀಸಿನ ನಿಕೊಸ್ ಮಖ್ಲಾಸ್ ಆ ಒಂದೇ ಋತುವಿನಲ್ಲಿ 34 ಗೋಲು ಹೊಡೆದು ಯುರೋಪಿನ ಚಿನ್ನದ ಬೂಟು ಗೆದ್ದರು. ರೈನ್ ದಂಡೆಯ ಹಾಲಿವುಡ್ ಎಂದು ಪತ್ರಿಕೆಗಳು ಬರೆದವು. 2000ದಲ್ಲಿ ಪ್ರಾಯೋಜಕರು ಬೆನ್ನು ತಿರುಗಿಸಿದರು, ಆಲ್ಬರ್ಸ್ ಹೊರನಡೆದರು, ಸೆಟ್ ಬಿಚ್ಚಿದಾಗ ಹಿಂದಿದ್ದದ್ದು ಬರೀ ಸಾಲ. ಮುಂದಿನ ಹತ್ತು ವರ್ಷ ದಿವಾಳಿಯ ಅಂಚಿಗೆ ಹೋಗುವುದು, ಬರುವುದು. ಇಂದಿಗೂ ಕ್ಲಬ್ ಅಲ್ಲಿ ಬಾಡಿಗೆದಾರ.

ಅಲ್ಲಿಂದ ಮುಂದಿನ ಕಥೆಯಲ್ಲಿ ನೀವೂ ಪಾತ್ರಧಾರಿಗಳು.

2010ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಮೆರಾಬ್ ಜೋರ್ಡಾನಿಯಾ ಕ್ಲಬ್ಬನ್ನು ಕೊಂಡರು. ಡಚ್ ಉನ್ನತ ಲೀಗಿನಲ್ಲಿ ವಿದೇಶಿಯರ ಕೈಗೆ ಹೋದ ಮೊದಲ ಕ್ಲಬ್ ವಿಟೆಸ್. ಮೂರು ವರ್ಷದಲ್ಲಿ ಚಾಂಪಿಯನ್ ಮಾಡುತ್ತೇನೆ ಎಂದರು. ಲಂಡನ್ನಿನ ಚೆಲ್ಸಿ ಕ್ಲಬ್‌ನಿಂದ ಎರವಲು ಆಟಗಾರರು ಸಾಲುಗಟ್ಟಿ ಬಂದರು: ಮಾಟಿಚ್, ವಾನ್ ಆನ್‌ಹೋಲ್ಟ್, ಟ್ರಾವೊರೆ, ಸೊಲಾಂಕಿ, ಮೇಸನ್ ಮೌಂಟ್, ಹೀಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ. 2013ರಲ್ಲಿ ಮಾಲೀಕತ್ವ ರಷ್ಯಾದ ಅಲೆಕ್ಸಾಂಡರ್ ಚಿಗಿರಿನ್‌ಸ್ಕಿ ಅವರಿಗೆ, 2018ರಲ್ಲಿ ವಲೇರಿ ಓಯ್ಫ್ ಅವರಿಗೆ ಹೋಯಿತು. ಹೆಸರು ಬದಲಾಗುತ್ತಿತ್ತು, ಲಂಡನ್ನಿನ ನಂಟು ಬದಲಾಗುತ್ತಿರಲಿಲ್ಲ. 2014ರಲ್ಲಿ ಜೋರ್ಡಾನಿಯಾ ಅವರೇ ಬಾಯಿಬಿಟ್ಟು, ವಿಟೆಸ್ ಚಾಂಪಿಯನ್ಸ್ ಲೀಗ್ ತಲುಪುವುದು ಚೆಲ್ಸಿಗೆ ಬೇಕಿರಲಿಲ್ಲ ಎಂದು ಆರೋಪಿಸಿದರು. ಕೆಎನ್‌ವಿಬಿ ತನಿಖೆ ಮಾಡಿ, ಅಂಥ ಹಿಡಿತಕ್ಕೆ ಪುರಾವೆ ಇಲ್ಲವೆಂದು ಕಡತ ಮುಚ್ಚಿತು.

ಆ ಕಡತ ಮತ್ತೆ ತೆರೆಯಲು ಒಂದು ಯುದ್ಧವೇ ಬೇಕಾಯಿತು. 2022ರಲ್ಲಿ ಉಕ್ರೇನಿನ ಮೇಲೆ ದಾಳಿಯಾದ ಮೇಲೆ ಓಯ್ಫ್ ಕ್ಲಬ್ಬನ್ನು ಮಾರಾಟಕ್ಕಿಟ್ಟರು. 2023ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಸೈಪ್ರಸ್‌ನಿಂದ ಸೋರಿಕೆಯಾದ ದಾಖಲೆಗಳನ್ನು ಆಧರಿಸಿ, ಚೆಲ್ಸಿಯ ಆಗಿನ ಒಡೆಯ ರೋಮನ್ ಅಬ್ರಮೊವಿಚ್ ಅವರ ಹಣ ವಿಟೆಸ್‌ಗೆ ಹರಿದಿತ್ತು ಎಂದು ಬರೆಯಿತು. ಹದಿಮೂರು ವರ್ಷ ನಿಮ್ಮ ಮೇಜಿನ ಮೇಲೆ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ ಲೆಕ್ಕಪತ್ರದಲ್ಲಿ ಕಾಣದ್ದು ಪತ್ರಕರ್ತರಿಗೆ ಕಂಡಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಲ್ಲಿಂದಾಚೆಗೆ ನಿಮ್ಮ ಕಣ್ಣು ಎವೆಯಿಕ್ಕಲಿಲ್ಲ. ಕೊಳ್ಳಲು ಮುಂದೆ ಬಂದ ಅಮೆರಿಕದ ಕೋಲಿ ಪ್ಯಾರಿ ಅವರಿಗೆ ಒಪ್ಪಿಗೆ ಸಿಗಲಿಲ್ಲ. 2024ರ ಏಪ್ರಿಲ್ 19ರಂದು 18 ಅಂಕ ಕಡಿತವಾಯಿತು. 35 ವರ್ಷ ಉನ್ನತ ಲೀಗಿನಲ್ಲಿ ಆಡಿದ ತಂಡ ಅದೇ ದಿನ ಕೆಳಗಿಳಿಯಿತು. ಮರುವರ್ಷ ಎರಡನೇ ದರ್ಜೆಯಲ್ಲಿ ಮತ್ತೆ ಅಂಕ ಕಡಿತ, ಕೊನೆಯ ಸ್ಥಾನ. ಆಮೇಲೆ ಈ ಜುಲೈ.

ಈಗ ಲೆಕ್ಕ ಹಾಕಿ. ಜೋರ್ಡಾನಿಯಾ ಯಾವತ್ತೋ ಹೊರಟುಹೋದರು. ಚಿಗಿರಿನ್‌ಸ್ಕಿ ಹೋದರು. ಓಯ್ಫ್ ಹೋದರು. ಪ್ಯಾರಿ ಹಣ ಕಳೆದುಕೊಂಡು ಹೋದರು, ನಿಜ. ಚೆಲ್ಸಿಯ ಆಟಗಾರರು ಇಲ್ಲಿ ಪಳಗಿ ಹೋದರು. 2017–18ರಲ್ಲಿ ಆರ್ನ್‌ಹೆಮ್‌ನ ಜನ ವರ್ಷದ ಆಟಗಾರನೆಂದು ಆರಿಸಿದ ಮೌಂಟ್ ಮೂರೇ ವರ್ಷದಲ್ಲಿ ಚಾಂಪಿಯನ್ಸ್ ಲೀಗ್ ಎತ್ತಿಹಿಡಿದರು. ಎಲ್ಲಿಗೂ ಹೋಗಲಾರದೆ ಉಳಿದವರು ಸೀಸನ್ ಟಿಕೆಟ್ ಇಟ್ಟುಕೊಂಡವರು. ನಮ್ಮಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಎತ್ತು ಮೈದಾನ ಬಿಟ್ಟು ಹೋದ ಮೇಲೆ ಎಮ್ಮೆಯನ್ನು ಹುಡುಕಿ ತಂದು ಬರೆ ಹಾಕಿದಿರಿ.

ಅಭಿಮಾನಿಗಳೂ ಆ ಹಣಕ್ಕೆ ಚಪ್ಪಾಳೆ ತಟ್ಟಿದ್ದರಲ್ಲ ಎಂದು ನೀವು ಕೇಳಬಹುದು. ತಟ್ಟಿದ್ದರು. 2012–13ರಲ್ಲಿ ವಿಲ್ಫ್ರೆಡ್ ಬೋನಿ 31 ಗೋಲು ಹೊಡೆದಾಗ ಹಣ ಎಲ್ಲಿಂದ ಬಂತೆಂದು ಗ್ಯಾಲರಿಯಲ್ಲಿ ಯಾರೂ ಕೇಳಲಿಲ್ಲ. 2017ರ ಏಪ್ರಿಲ್ 30ರಂದು ರಾಟರ್‌ಡ್ಯಾಮ್‌ನಲ್ಲಿ ನಡೆದ ಡಚ್ ಕಪ್ ಫೈನಲ್‌ನಲ್ಲಿ ರಿಕಿ ವಾನ್ ವೋಲ್ಫ್ಸ್‌ವಿಂಕೆಲ್ ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಎಝಡ್ ತಂಡವನ್ನು ಸೋಲಿಸಿದಾಗಲೂ ಕೇಳಲಿಲ್ಲ. ಕ್ಲಬ್‌ಗೆ 125 ತುಂಬಲು ಎರಡು ವಾರ ಬಾಕಿಯಿತ್ತು. ಮೊತ್ತಮೊದಲ ದೊಡ್ಡ ಕಪ್ ಅದು. ಆ ತಂಡದಲ್ಲೂ ಚೆಲ್ಸಿಯ ಹುಡುಗರಿದ್ದರು. ಆದರೆ ಹಣದ ಮೂಲ ಕೇಳುವುದು ಗ್ಯಾಲರಿಯ ಕೆಲಸವಲ್ಲ. ಅದಕ್ಕೆಂದೇ ಒಂದು ಸಮಿತಿಯಿದೆ, ಅದರ ವಿಳಾಸವನ್ನು ಈ ಪತ್ರದ ತಲೆಯಲ್ಲಿ ಬರೆದಿದ್ದೇನೆ.

ಗ್ಯಾಲರಿಯ ಕೆಲಸವೇನೆಂದು 2021ರ ಅಕ್ಟೋಬರ್ ತೋರಿಸುತ್ತದೆ. 17ರಂದು ನೈಮೇಗನ್‌ನಲ್ಲಿ ಪಕ್ಕದೂರಿನ ಜಗಳ, ಅಲ್ಲಿನ ಎನ್‌ಇಸಿ ತಂಡದ ವಿರುದ್ಧ ಪಂದ್ಯ. ಎರಡು ಊರಿನ ನಡುವೆ ರೈಲಿನಲ್ಲಿ ಕಾಲು ಗಂಟೆ. ದ್ವೇಷ ಮಾತ್ರ ಭಾರತ ಪಾಕಿಸ್ತಾನದಷ್ಟು. ವಿಟೆಸ್ 1–0 ಗೆದ್ದಿತು. ಸಂದರ್ಶಕರ ಮೂಲೆಯಲ್ಲಿ ಜನ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಕುಣಿಯತೊಡಗಿದರು, ಆಟಗಾರರು ಎದುರಿಗೆ ನಿಂತು ಕುಣಿಸಿದರು. ಇದ್ದಕ್ಕಿದ್ದಂತೆ ಗ್ಯಾಲರಿಯ ಕಾಂಕ್ರೀಟ್ ಹಾಸು ನಡುವೆ ಮುರಿದು ಕೆಳಕ್ಕೆ ಬಾಗಿತು. ಪುಣ್ಯಕ್ಕೆ ಅದರ ಅಡಿಯಲ್ಲಿ ಒಂದು ಕಂಟೇನರ್ ಇತ್ತು. ಹಾಸು ಅದರ ಮೇಲೆ ಕುಳಿತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕಚೇರಿಯ ಎನ್‌ಇಸಿ ಅಭಿಮಾನಿಗಳು ಇಂದಿಗೂ ಆ ರಿಪೇರಿಯ ಬಿಲ್ಲನ್ನು ನನ್ನ ಹೆಸರಿಗೆ ಬರೆಯುತ್ತಾರೆ. ನಾಲ್ಕೇ ದಿನದ ಬಳಿಕ ಗೆಲ್ರೆಡೋಮ್‌ನಲ್ಲಿ ಇಂಗ್ಲೆಂಡಿನ ಟಾಟ್ನಮ್ ತಂಡವನ್ನು ವಿಟೆಸ್ 1–0 ಸೋಲಿಸಿತು. ಅಂಥ ವಾರ ಒಂದು ಊರಿಗೆ ನೂರು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಮತ್ತೆ 2024ರ ಬೇಸಿಗೆ ನೋಡಿ. ತಂಡ ಕೆಳಗಿಳಿದಿದೆ, ಮಾಲೀಕನಿಲ್ಲ, ಪರವಾನಗಿ ಇಂದೋ ನಾಳೆಯೋ ಎಂಬಂತಿದೆ. ಆಗ ದೇಣಿಗೆ ಎತ್ತಿದವರು ಇದೇ ಜನ. ಯಾವ ದರ್ಜೆಯಲ್ಲಿ ಆಡುತ್ತೇವೆ, ಆಡುತ್ತೇವೋ ಇಲ್ಲವೋ ಗೊತ್ತಿಲ್ಲದ ತಂಡಕ್ಕೆ ಮುಂಗಡವಾಗಿ ಸೀಸನ್ ಟಿಕೆಟ್ ಕೊಂಡರು. ಕೊನೆಯ ಗಳಿಗೆಯಲ್ಲಿ ಪರವಾನಗಿ ಉಳಿಯಿತು. ಹಣದ ಮೂಲ ಇಷ್ಟು ನಿಚ್ಚಳವಾಗಿ ಕಾಣುವ ಹೂಡಿಕೆ ನಿಮ್ಮ ಕಡತಗಳಲ್ಲಿ ಇನ್ನೊಂದಿರಲಾರದು: ಆರ್ನ್‌ಹೆಮ್‌ನ ನರ್ಸು, ಬಸ್ ಚಾಲಕ, ನಿವೃತ್ತ ಮೇಷ್ಟರ ಉಳಿತಾಯ ಖಾತೆ. ಆ ಹೂಡಿಕೆದಾರರನ್ನು ನೀವು ವಿಚಾರಣೆಗೆ ಕರೆಯಲಿಲ್ಲ.

ನಾನು ಕೇಳುವುದು ದಯೆಯನ್ನಲ್ಲ, ನಿಯಮದ ಬದಲಾವಣೆಯನ್ನು. ಮೊದಲನೆಯದು, ಕ್ಲಬ್‌ನ ಹೆಸರು, ಬಣ್ಣ, ಲಾಂಛನ, ಊರು ಇವು ಕಂಪನಿಯ ಷೇರಿನ ಜೊತೆಗೆ ಕೈಬದಲಾಗದಂತೆ ಮಾಡಿ. ಸದಸ್ಯರೇ ನಡೆಸುವ ಪ್ರತ್ಯೇಕ ಪ್ರತಿಷ್ಠಾನದ ಕೈಯಲ್ಲಿ ಅವು ಇರಲಿ. ಪರವಾನಗಿಯೂ ಅದರ ಜೊತೆಗೇ ಇರಲಿ. ಮಾಲೀಕ ಸುಳ್ಳು ಹೇಳಿದರೆ ಮಾಲೀಕನನ್ನು ಓಡಿಸಿ, ದಂಡ ಹಾಕಿ, ತಂಡವನ್ನು ಬೇಕಾದರೆ ಒಂದು ದರ್ಜೆ ಕೆಳಗಿಳಿಸಿ. ಆದರೆ ಆಡುವ ಹಕ್ಕು ಪ್ರತಿಷ್ಠಾನದಲ್ಲಿ ಉಳಿಯಲಿ. ಇದೇನು ಹುಚ್ಚು ಕನಸಲ್ಲ. ಗಡಿಯಾಚೆ ಜರ್ಮನಿಯಲ್ಲಿ 1998ರಿಂದ, ಲೆವರ್ಕೂಸನ್ ಮತ್ತು ವೋಲ್ಫ್ಸ್‌ಬುರ್ಗ್‌ನಂಥ ಅಪವಾದ ಬಿಟ್ಟರೆ, ಮತದ ಬಹುಪಾಲು ಸದಸ್ಯರ ಬಳಿಯೇ ಇರಬೇಕೆಂಬ ಕಟ್ಟಳೆಯಿದೆ. ಆರ್ನ್‌ಹೆಮ್‌ನಿಂದ ಆ ಗಡಿಗೆ ಸೈಕಲ್ಲಿನಲ್ಲೇ ಹೋಗಬಹುದು. ಇಂಗ್ಲೆಂಡ್ 2019ರಲ್ಲಿ 1885ರಲ್ಲಿ ಹುಟ್ಟಿದ ಬರಿ (Bury) ಎಂಬ ಕ್ಲಬ್ಬನ್ನು ಲೀಗಿನಿಂದ ಹೊರದಬ್ಬಿ ಇದೇ ಪಾಠ ಕಲಿಯಿತು. ನೀವು ವಿಟೆಸ್ ಪರವಾನಗಿ ಕಿತ್ತುಕೊಂಡ ಇದೇ ಜುಲೈನಲ್ಲಿ ಅಲ್ಲಿ ಫುಟ್‌ಬಾಲ್ ಆಡಳಿತದ ಹೊಸ ಕಾಯ್ದೆಗೆ ಅಂತಿಮ ಒಪ್ಪಿಗೆ ಸಿಕ್ಕಿತು. ಮಾಲೀಕರ ಹಣವನ್ನು ಜಾಲಾಡುವ ಅಧಿಕಾರ ಸ್ವತಂತ್ರ ನಿಯಂತ್ರಕರಿಗೆ, ಲಾಂಛನ ಮತ್ತು ಅಂಗಿಯ ಬಣ್ಣ ಬದಲಿಸುವ ಮುನ್ನ ತಮ್ಮ ಅಭಿಪ್ರಾಯ ಹೇಳುವ ಹಕ್ಕು ಅಭಿಮಾನಿಗಳಿಗೆ.

ಎರಡನೆಯದು ಚಿಕ್ಕದು. ಪರವಾನಗಿ ರದ್ದತಿಯ ಯಾವುದೇ ವಿಚಾರಣೆಯಲ್ಲಿ ಅಭಿಮಾನಿಗಳ ಸಂಘಕ್ಕೆ ಒಂದು ಕುರ್ಚಿ ಮತ್ತು ಮಾತಿನ ಸರದಿ ಕೊಡಿ. ಮತ ಬೇಡ.

ಮೂರನೆಯದು ನಿಮಗೆ ಇಷ್ಟವಾಗಲಿಕ್ಕಿಲ್ಲ. 2010ರಿಂದ 2023ರವರೆಗೆ ವಿಟೆಸ್ ಲೆಕ್ಕಪತ್ರ ಪರಿಶೀಲಿಸುವಾಗ ಸಂಸ್ಥೆ ಏನು ಕೇಳಿತು, ಏನು ಕೇಳಲಿಲ್ಲ, 2014ರ ತನಿಖೆಯಲ್ಲಿ ಯಾವ ದಾಖಲೆ ನೋಡಿತು ಎನ್ನುವುದನ್ನು ಹೊರಗಿನವರಿಂದ ಪರಿಶೀಲಿಸಿ ಪ್ರಕಟಿಸಿ. ಕ್ಲಬ್ ಮುಚ್ಚುಮರೆ ಮಾಡಿತೆಂದು ದಂಡಿಸಿದವರು ತಮ್ಮ ಕಡತವನ್ನು ಮುಚ್ಚಿಟ್ಟುಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ.

ಕ್ಲಬ್ ಈ ಋತುವನ್ನು ಮತ್ತೆ ಅಂಕ ಕಡಿತದೊಂದಿಗೇ ಶುರುಮಾಡುತ್ತಿದೆ. ಅದು ಇರಲಿ, ಸಲ್ಲುವ ಶಿಕ್ಷೆ, ಆಡಿ ತೀರಿಸುತ್ತಾರೆ. ಮುಂದಿನ ಪರವಾನಗಿ ವರ್ಷದ ನಿಯಮಾವಳಿಗೆ ನೀವು ಕೈಹಾಕುವ ಮುನ್ನ ಈ ಮೂರಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಉತ್ತರ ಡಚ್ ಭಾಷೆಯಲ್ಲಿದ್ದರೂ ಸಾಕು, ಕನ್ನಡಕ್ಕೆ ತರುವ ಕೆಲಸ ನನಗಿರಲಿ.

ಇಂತಿ,
ದಕ್ಷಿಣ ಗ್ಯಾಲರಿಯ ಒಬ್ಬ ಕನ್ನಡಿಗ